ಕೆಳಗಿನ ಕಟ್ಟೆ ಮತ್ತು ಊರಿನ ಎಂಜಲೆಲೆ

ನಮ್ಮೂರಿನ ಬೆಟ್ಟ ಹತ್ತುವವರು ಹತ್ತುವಾಗ ದೇವರ ಹೆಸರು ಹೇಳುತ್ತಿದ್ದರು, ಇಳಿಯುವಾಗ ಎಳನೀರಿನ ಬುರುಡೆಯನ್ನು ಮೆಟ್ಟಿಲ ಪಕ್ಕಕ್ಕೆ ಒಗೆಯುತ್ತಿದ್ದರು. ಪುಣ್ಯ ಅಷ್ಟರಲ್ಲಿ ಕೈಗೆ ಬಂದಿರುತ್ತಿತ್ತು, ಇನ್ನು ಬುರುಡೆ ಹೊರುವ ಕರ್ಮ ಯಾಕೆ? ಊರಿನ ಹೆಸರು ಬೇಡ. ಚನ್ನರಾಯಪಟ್ಟಣ ತಾಲ್ಲೂಕು, ಶ್ರವಣಬೆಳಗೊಳಕ್ಕೆ ಹೋಗುವ ಬಸ್ಸುಗಳು ಊಟಕ್ಕೆ ನಿಲ್ಲುತ್ತಿದ್ದ ಊರು ಎಂದರೆ ಸಾಕು. ಅಲ್ಲಿ ಈಗಲೂ ನನ್ನ ನೆಂಟರಿದ್ದಾರೆ. ಅವರಲ್ಲಿ ಒಬ್ಬಿಬ್ಬರಿಗೆ ಓದುವ ಅಭ್ಯಾಸವೂ ಇದೆ.

ನಾನು ಹೊಳೆನರಸೀಪುರದವಳು. ಮಿಡ್ಲ್ ಸ್ಕೂಲಿನ ಕೊನೆಯ ಎಲ್.ಎಸ್. ಪರೀಕ್ಷೆ ಪಾಸು ಮಾಡಿ, ಐವತ್ತರ ದಶಕದ ನಡುವೆ ಈ ಊರಿಗೆ ಸೊಸೆಯಾಗಿ ಬಂದೆ. ಆಗ ದಿನಕ್ಕೆ ಒಂದೆರಡು ಬಸ್ಸು. ಆಮೇಲೆ ಬೇಲೂರು, ಹಳೇಬೀಡು, ಬೆಳಗೊಳ ಮೂರನ್ನೂ ಒಂದೇ ಸುತ್ತಿನಲ್ಲಿ ತೋರಿಸುತ್ತೇವೆಂದು ಬೆಂಗಳೂರಿನಿಂದಲೂ ಮೈಸೂರಿನಿಂದಲೂ ಬಸ್ಸುಗಳು ಬರತೊಡಗಿದವು. ಊರಿನಲ್ಲಿ ಎರಡು ಛತ್ರ, ಮೂರು ಹೋಟೆಲು, ಬೀದಿಯುದ್ದಕ್ಕೂ ಕಾಯಿ ಕರ್ಪೂರದ ಅಂಗಡಿ ಎದ್ದವು. ಊರಿನವರೆಲ್ಲ ಇದ್ದಕ್ಕಿದ್ದಂತೆ ಅತಿಥಿ ಸತ್ಕಾರದ ಬಗ್ಗೆ ಮಾತಾಡತೊಡಗಿದರು. ಸತ್ಕಾರ ಮುಗಿದ ಮೇಲೆ ಉಳಿಯುವ ಎಲೆಯ ಬಗ್ಗೆ ಮಾತ್ರ ಯಾರಿಗೂ ಮಾತು ಹುಟ್ಟಲಿಲ್ಲ. ಬಾಳೆ ಎಲೆ, ಮುತ್ತುಗದ ಎಲೆ, ದೊನ್ನೆ, ಹೂವಿನ ರಾಶಿ, ಹಳಸಿದ ಅನ್ನ. ಈಗಿನ ಹಾಗೆ ಪ್ಲಾಸ್ಟಿಕ್ ಇರಲಿಲ್ಲ, ಆ ಕಾಲ ಎಷ್ಟು ಶುದ್ಧ ಎಂದು ಹೇಳುವವರಿದ್ದಾರೆ. ಅವರು ಬೇಸಿಗೆಯಲ್ಲಿ ಮೂರು ದಿನ ಕೊಳೆತ ಅನ್ನದೆಲೆಯ ವಾಸನೆ ಕುಡಿದವರಲ್ಲ.

ಪಂಚಾಯಿತಿಯಲ್ಲಿ ಹೆಂಗಸರಿಗೂ ಜಾಗ ಇರಬೇಕೆಂದು ಕಾನೂನು ಬಂದಾಗ ನಾನು ಮೆಂಬರಾದೆ. ಆದೆ ಎನ್ನುವುದಕ್ಕಿಂತ, ಮಾಡಿದರು. ಪಂಚಾಯಿತಿ ಛೇರ್ಮನ್ ನನ್ನ ಗಂಡನ ದೊಡ್ಡಪ್ಪನ ಮಗ, ನನಗೆ ಭಾವ. ಊರಿನ ದೊಡ್ಡ ಛತ್ರದ ಉಸ್ತುವಾರಿಯೂ ಅವರದೇ. ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತು, ಕಾಫಿ ಕುಡಿದು, ನನ್ನ ಗಂಡನಿಗೆ ಹೇಳಿದರು: "ಒಂದು ಎಣ್ಣು ಇರ್ಬೇಕಂತೆ ಕಣ್ಲಾ. ನಿನ್ನೆಡ್ತಿ ಓದ್ಕೊಂಡವಳೆ, ನಮ್ಮನೇಳೇ ಆದ್ರೆ ಅಡ್ಡ ಮಾತಾಡಾಕಿಲ್ಲ."

ಬಾಗಿಲ ಹಿಂದೆ ನಿಂತು ಈ ಮಾತು ಕೇಳಿಸಿಕೊಂಡ ನಾನು ಸಿಟ್ಟಾಗಬೇಕಿತ್ತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಮದುವೆಯ ಸೀರೆ ಉಟ್ಟುಕೊಂಡು ಮೊದಲ ಮೀಟಿಂಗಿಗೆ ಹೋದೆ. ಗಂಡಸರು ಬೆಂಚಿನ ಮೇಲೆ, ನನಗೊಂದು ಕುರ್ಚಿ. ಕುರ್ಚಿ ಬಾಗಿಲ ಹತ್ತಿರ, ಅವರಿಗೆ ಬೆನ್ನು ಕೊಟ್ಟು ಬೀದಿ ನೋಡುವ ಹಾಗೆ. ಮರ್ಯಾದಸ್ಥ ಹೆಣ್ಣುಮಗಳಿಗೆ ಅದೇ ಸರಿಯಾದ ಜಾಗ ಎಂದು ಸೆಕ್ರೆಟರಿ ಹೇಳಿದರು. ಹೀಗಾಗಿ ನನ್ನ ಪಂಚಾಯಿತಿ ಜೀವನದ ಮೊದಲ ಆರು ತಿಂಗಳು ಕಳೆದದ್ದು ರಸ್ತೆಯಲ್ಲಿ ಹೋಗುವ ದನ ನೋಡುವುದರಲ್ಲಿ.

ಕಸದ ವಿಷಯ ಎದ್ದದ್ದು ಒಬ್ಬ ಪ್ರವಾಸಿ ಮಹಾಶಯರ ದೆಸೆಯಿಂದ. ಮೈಸೂರಿನ ಯಾರೋ ದೊಡ್ಡವರು ಬಸ್ ಇಳಿಯುವಾಗ ಎಂಜಲೆಲೆಯ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಬಿಳಿ ಪಂಚೆಗೆ ಸಾರಾಯಿತು. ಅವರು ಎದ್ದು, ಇಡೀ ಊರನ್ನು ಕೊಳಕರ ಊರೆಂದು ಬೈದು, ಕೈಯಲ್ಲಿದ್ದ ಬಾಳೆಹಣ್ಣಿನ ಸಿಪ್ಪೆಯನ್ನು ಅಲ್ಲೇ ಎಸೆದು ಬೆಟ್ಟ ಹತ್ತಿದರು. ಮೇಲಿನವರಿಗೆ ಕಾಗದ ಬರೆಯುತ್ತೇನೆ ಎಂದಿದ್ದರಂತೆ. ಭಾವನವರು ಆ ವಾರವೇ ಮೀಟಿಂಗ್ ಕರೆದರು.

ಒಂದು ಬೋರ್ಡು ಹಾಕಿಸುವುದೆಂದು ತೀರ್ಮಾನವಾಯಿತು. ಬೋರ್ಡಿನಲ್ಲಿ "ಕಸ ಹಾಕಕೂಡದು" ಎಂದಿರಬೇಕೋ, "ಹಾಕಬಾರದು" ಎಂದಿರಬೇಕೋ ಎಂಬ ಬಗ್ಗೆ ಹಿರಿಯರು ಮಧ್ಯಾಹ್ನವಿಡೀ ವಾದಿಸಿದರು. "ಕೂಡದು" ಎಂದರೆ ಯಾತ್ರಿಕರಿಗೆ ಬೇಜಾರಾದೀತು ಎಂದು ಹೋಟೆಲಿನ ಮೆಂಬರು. "ಬಾರದು" ಎಂದರೆ ಯಾರೂ ಹೆದರುವುದಿಲ್ಲ ಎಂದು ಮತ್ತೊಬ್ಬರು. ಕೊನೆಗೆ ಭಾವನವರು ನನ್ನ ಕಡೆ ತಿರುಗಿ, "ಓದ್ದೋಳು ನೀನೇಳವ್ವಾ" ಎಂದರು. ನಾನು ಬೀದಿಯಿಂದ ಮುಖ ತಿರುಗಿಸಿ, "ದಯವಿಟ್ಟು ಕಸ ಹಾಕಬೇಡಿ ಎಂದು ಬರೆಸೋಣ" ಎಂದೆ. ಎಲ್ಲರೂ ತಲೆದೂಗಿದರು. ಬೃಹಸ್ಪತಿಯ ಹೆಂಡತಿಯಂತೆ ಉಬ್ಬಿಹೋದೆ. ಅಂದು ಇನ್ನೂ ನಾಲ್ಕೈದು ಠರಾವು ಆದವು. ಸೆಕ್ರೆಟರಿ ಬೆರಳಿಟ್ಟ ಕಡೆಯೆಲ್ಲ ರುಜು ಹಾಕಿ ಮನೆಗೆ ಬಂದೆ.

ಬೋರ್ಡು ಬಂತು. ಬಸ್ ನಿಲ್ಲುವ ಹುಣಸೆಮರಕ್ಕೆ ಹೊಡೆದರು. ವಾರದೊಳಗೆ ಅದರ ಬುಡದಲ್ಲೇ ಊರಿನ ಅತಿ ದೊಡ್ಡ ಕಸದ ಗುಡ್ಡೆ ಎದ್ದಿತು. ಬೋರ್ಡಿನಲ್ಲಿ ಕಸ ಎಂಬ ಅಕ್ಷರ ಕಂಡವರೆಲ್ಲ ಕಸ ಹಾಕುವ ಜಾಗ ಅದೇ ಎಂದು ತಿಳಿದರೋ, ಅಥವಾ ತಿಳಿದೂ ಹಾಕಿದರೋ, ಹೇಳಲಾರೆ. ನಾನು ಬರೆಸಿದ "ದಯವಿಟ್ಟು" ಎಂಬ ಪದಕ್ಕೆ ಯಾರೋ ಸುಣ್ಣ ಒರೆಸಿದ್ದರು. ವೀಳ್ಯ ಹಾಕಿಕೊಳ್ಳುವಾಗ ಬೆರಳಿಗೆ ಮಿಕ್ಕಿದ ಸುಣ್ಣ.

ಆದರೂ ಒಂದು ತಿಂಗಳಲ್ಲಿ ಊರು ಚೊಕ್ಕಟವಾಯಿತು. ಛತ್ರದ ಹಿಂದೆ ಎಲೆ ಕಾಣುತ್ತಿರಲಿಲ್ಲ, ಹೋಟೆಲುಗಳ ಮುಂದೆ ಕಾಣುತ್ತಿರಲಿಲ್ಲ. ಪಂಚಾಯಿತಿಯ ಎತ್ತಿನ ಗಾಡಿ ಮಧ್ಯಾಹ್ನದ ಊಟದ ಹೊತ್ತು ಮುಗಿಯುತ್ತಲೇ ಬಂದು ಎಲ್ಲ ಹೇರಿಕೊಂಡು ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿತ್ತು ಎಂದು ನಾನು ಕೇಳಲಿಲ್ಲ. ಯಾರೂ ಕೇಳಲಿಲ್ಲ. ಕಣ್ಣಿಗೆ ಕಾಣದ ಕಸ ಕಸವಲ್ಲ ಎಂಬುದು ನಮ್ಮೂರಿನ ವೇದಾಂತ.

ನಮ್ಮ ಹೊಲಕ್ಕೆ ಕಳೆ ಕೀಳಲು ಬರುತ್ತಿದ್ದ ಒಬ್ಬ ಹೆಂಗಸು ಇದ್ದಳು, ನನ್ನದೇ ವಯಸ್ಸು. ಊರ ಕೆಳಗಿನ ಕೇರಿಯವಳು. ಆ ಕೇರಿಗೆ ಊರವರು ಇಟ್ಟಿದ್ದ ಹೆಸರನ್ನು ನಾನು ಬರೆಯುವುದಿಲ್ಲ, ಕೇರಿ ಎಂದರೆ ಸಾಕು. ಅಲ್ಲಿನವರಿಗೆ ಊರ ಬಾವಿಗಳಿಂದ ನೀರು ಸೇದುವ ಹಾಗಿರಲಿಲ್ಲ. ಹಕ್ಕು ಕಾನೂನಿನಲ್ಲಿ ಇತ್ತು, ಬಾವಿಯ ಹತ್ತಿರ ಇರಲಿಲ್ಲ. ಅವರಿಗೆ ಕುಡಿಯಲು, ಅಡಿಗೆಗೆ ಇದ್ದದ್ದು ಕೆಳಗಿನ ಕಟ್ಟೆ ಒಂದೇ. ನಾಲ್ಕೂ ಕಡೆ ಕಲ್ಲಿನ ಪಾವಟಿಗೆ ಇದ್ದ ಚಿಕ್ಕ ಕಟ್ಟೆ, ಬೇಸಿಗೆಯಲ್ಲೂ ಬತ್ತದ ಸಿಹಿನೀರು.

ಆ ಹೆಂಗಸು ದಿನವೂ ಹೊತ್ತಿಗೆ ಮುಂಚೆ ಬರುವವಳು ಇದ್ದಕ್ಕಿದ್ದಂತೆ ತಡವಾಗಿ ಬರತೊಡಗಿದಳು. ನಾನು ಯಜಮಾನಿತಿಯ ಗತ್ತಿನಲ್ಲಿ ಕೇಳಿದೆ.

"ಯಾಕೆ, ಬಿಸಿಲೇರಿದ ಮೇಲೆ ಬರ್ತೀಯಲ್ಲ?"

"ನೀರ್ಗೋಗಿದ್ದೆ ಕಣ್ರವ್ವಾ. ಬಾಗೂರು ದಾರೀಲಿ ಅಳ್ಳ ಐತಲ್ಲ, ಅಲ್ಲೀಗಂಟ ಓಗ್ಬೇಕು. ಮಳ್ಳಲ್ಲಿ ವರ್ತೆ ತೋಡಿ, ನೀರು ಊರೋಗಂಟ ಕಾದು..."

"ನಿಮ್ಮ ಕಟ್ಟೆ ಇದೆಯಲ್ಲ?"

ಅವಳು ಕುಡುಗೋಲು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನೋ ಇಲ್ಲವೋ ಎಂದು ತೂಗಿ ನೋಡಿದ ಹಾಗಿತ್ತು.

"ನಿಮ್ಗೆ ಗೊತ್ತಿಲ್ವಾ? ನೀವೂ ಪಂಚಾಯ್ತೀಲಿ ಇದ್ದೀರಂತೆ?" ಎಂದಳು. "ಬನ್ನಿ, ತೋರುಸ್ತೀನಿ."

ಮಾರನೆಯ ಬೆಳಿಗ್ಗೆ ಅವಳ ಜೊತೆ ಹೋದೆ. ಕಟ್ಟೆಯ ಮೂಡಲ ದಂಡೆಯಿಂದ ಅರ್ಧ ನೀರಿನವರೆಗೆ ಎಲೆ. ಮೇಲಿನವು ಹಸಿರು, ಕೆಳಗಿನವು ಕಪ್ಪು. ನಡುವೆ ಎಳನೀರಿನ ಬುರುಡೆಗಳು ತೇಲುತ್ತಿದ್ದವು. ಬೆಳ್ಳಗೆ ನೊರೆ. ಪಾವಟಿಗೆಯ ಮೇಲೆ ಒಬ್ಬ ಮುದುಕ ಉದ್ದನೆಯ ಬಿದಿರುಗಳುವಿನ ತುದಿಗೆ ಕೊಕ್ಕೆ ಕಟ್ಟಿಕೊಂಡು, ಒಂದೊಂದೇ ಎಲೆಯನ್ನು ದಡಕ್ಕೆ ಎಳೆಯುತ್ತಿದ್ದ. ಎಳೆದದ್ದನ್ನು ಮಂಕರಿಗೆ ತುಂಬುತ್ತಿದ್ದ. ಅವಳ ಮಾವ ಅವನು. ಪ್ರತಿ ಬೇಸಿಗೆ ಕೇರಿಯವರನ್ನೆಲ್ಲ ಸೇರಿಸಿ ಕಟ್ಟೆಯ ಹೂಳು ತೆಗೆಸುತ್ತಿದ್ದವನು, ಅವನಪ್ಪನೂ ಅದನ್ನೇ ಮಾಡಿದವನು.

"ದಿನಾ ತೆಗೀತೀಯಾ ತಾತ?" ಎಂದೆ.

"ದಿನಾ ಬೀಳ್ತದಲ್ಲವ್ವಾ."

"ಯಾರು ಹಾಕೋರು?"

ಮುದುಕ ಗಳು ನಿಲ್ಲಿಸಲಿಲ್ಲ. "ನನ್ ಮಗ" ಎಂದ.

ಪಂಚಾಯಿತಿ ಗಾಡಿ ಹೊಡೆಯುತ್ತಿದ್ದವನು ಇವನ ಮಗ, ಆ ಹೆಂಗಸಿನ ಗಂಡ. ಮಧ್ಯಾಹ್ನ ಮಗ ಗಾಡಿ ತಂದು ಸುರಿಯುತ್ತಿದ್ದ, ಬೆಳಿಗ್ಗೆ ಅಪ್ಪ ನಿಂತು ತೆಗೆಯುತ್ತಿದ್ದ. ಇಬ್ಬರೂ ಒಂದೇ ಮನೆಯಲ್ಲಿ ಮಲಗುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. ಸುರಿಯದಿದ್ದರೆ ಕೆಲಸ ಬಿಡು ಎಂದು ಛೇರ್ಮನ್ ಹೇಳಿದ್ದಾರೆಂದು ಅವಳು ಹೇಳಿದಳು. ಊರಾಚೆಯ ಹಳೆಯ ತಿಪ್ಪೆಗುಂಡಿಗೆ ಗಾಡಿ ಹೋಗಿ ಬರಲು ಎರಡು ಪಟ್ಟು ಹೊತ್ತು ಬೇಕು, ಅಷ್ಟರಲ್ಲಿ ಛತ್ರದಲ್ಲಿ ಎರಡನೆಯ ಪಂಕ್ತಿಯ ಎಲೆ ಏಳುತ್ತದೆ. ಕಟ್ಟೆ ಹತ್ತಿರ. ಇಷ್ಟೇ ಕಾರಣ.

ಮುಂದಿನ ಮೀಟಿಂಗಿನಲ್ಲಿ ನಾನು ಕುರ್ಚಿಯನ್ನು ತಿರುಗಿಸಿಕೊಂಡು ಕೂತೆ. ಹೇಳಬೇಕಾದ್ದನ್ನು ಮನೆಯಲ್ಲಿ ಮೂರು ಸಲ ಹೇಳಿಕೊಂಡು ಬಂದಿದ್ದೆ. ಕುಡಿಯುವ ನೀರಿಗೆ ಎಂಜಲು ಸುರಿಸುವುದು ಯಾವ ನ್ಯಾಯ, ಯಾರು ಹೇಳಿದರು, ಯಾವ ಕಾಗದದಲ್ಲಿದೆ ಎಂದು ಕೇಳಿದೆ.

ಭಾವನವರಿಗೆ ಸಿಟ್ಟು ಬರಲಿಲ್ಲ. ನಕ್ಕರು. "ಸೆಕ್ರೆಟ್ರಿ, ಪುಸ್ತಕ ತತ್ತಾ" ಎಂದರು.

ಸೆಕ್ರೆಟರಿ ನಡಾವಳಿ ಪುಸ್ತಕ ತೆರೆದು ಓದಿದರು. ಊರಿನ ಕೆಳಭಾಗದಲ್ಲಿರುವ ಪಾಳು ಗುಂಡಿಯನ್ನು ಮುಚ್ಚಿ ಸಮತಟ್ಟು ಮಾಡುವ ಸಲುವಾಗಿ ಊರಿನ ಕಸವನ್ನು ಅದರಲ್ಲಿ ತುಂಬತಕ್ಕದ್ದು. ಸರ್ವಾನುಮತ. ಬೋರ್ಡಿನ ಠರಾವಿನ ಕೆಳಗೇ ಇತ್ತು, ಅದೇ ದಿನ, ಅದೇ ಪುಟ. ಕೊನೆಯಲ್ಲಿ ದುಂಡಗಿನ ಅಕ್ಷರದಲ್ಲಿ, ಬೇರೆಲ್ಲರ ಕೋಳಿಕಾಲಿನ ರುಜುಗಳ ನಡುವೆ ಎದ್ದು ಕಾಣುವ ಹಾಗೆ, ನನ್ನ ಹೆಸರು.

"ನಿನ್ ಅಕ್ಸರ ಎಷ್ಟ್ ಚಂದಾಗೈತೆ ನೋಡವ್ವಾ" ಎಂದರು ಭಾವ.

ಎಲ್ಲರೂ ನಕ್ಕರು. ನಾನು ಎದ್ದು ಬಂದೆ. ಈ ಊರಿನ ಗಂಡಸರನ್ನು ನಾನು ಎಷ್ಟು ತಿರಸ್ಕಾರದಿಂದ ನೋಡುತ್ತಿದ್ದೆನೋ ಅದರ ಎರಡರಷ್ಟು ತಿರಸ್ಕಾರ ಅಂದು ನನ್ನ ಮೇಲೆ ಹುಟ್ಟಿತು. ಕಟ್ಟೆಯನ್ನು ಪಾಳು ಗುಂಡಿ ಎಂದು ಅವರು ಸುಳ್ಳು ಬರೆದಿದ್ದರು. ನಾನು ಓದದೆ ರುಜು ಹಾಕಿದ್ದೆ, ಒಂದು "ದಯವಿಟ್ಟು" ಹೇಳಿ ಬೀಗುತ್ತಾ.

ಆ ಹೆಂಗಸಿನ ಮನೆಗೆ ಹೋಗಿ ಮುದುಕನಿಗೆ ವಿಷಯ ಹೇಳಿದೆ. ಹೇಳದೆ ಇರಬಹುದಿತ್ತು, ಅವರಿಗೆ ಗೊತ್ತಾಗುತ್ತಿರಲಿಲ್ಲ. ಮುದುಕ ಬಾಗಿಲ ಹತ್ತಿರ ಕೂತು ಕೇಳಿಸಿಕೊಂಡ. ತಪ್ಪಾಯಿತು ಎಂದೆ.

"ನಮ್ಗೆ ಓದಕ್ ಬರಾಕಿಲ್ಲ" ಎಂದ ಅವನು. "ಓದಕ್ ಬರೋರು ನೀವೇ ಓದ್ನಿಲ್ಲ ಅಂದ್ರೆ, ನಾವೇನ್ ಮಾಡಾನ ಏಳಿ."

ಬೈದಿದ್ದರೆ ಹಗುರಾಗುತ್ತಿತ್ತು. ಅವನು ನಿಜವಾಗಿಯೂ ಕೇಳುತ್ತಿದ್ದ.

ನಾನು ಚನ್ನರಾಯಪಟ್ಟಣದ ಬಿ.ಡಿ.ಓ. ಸಾಹೇಬರಿಗೆ ಅರ್ಜಿ ಬರೆದೆ. ನಕಲು ಹಾಸನಕ್ಕೂ ಹಾಕಿದೆ. ಎರಡು ತಿಂಗಳು ಉತ್ತರವಿಲ್ಲ. ಒಂದು ದಿನ ಜೀಪು ಬಂತು. ಸಾಹೇಬರು ಇಳಿಯುವ ಮೊದಲೇ ಭಾವನವರು ಹಾರ ಹಾಕಿದರು. ಕಟ್ಟೆ ನೋಡುವುದು ಆಮೇಲಾಗಲಿ, ಮೊದಲು ಊಟ ಎಂದು ಛತ್ರಕ್ಕೆ ಕರೆದುಕೊಂಡು ಹೋದರು. ಒಬ್ಬಟ್ಟು, ಆಂಬೊಡೆ, ಎರಡು ತರದ ಪಾಯಸ. ಸಾಹೇಬರ ಜೊತೆ ಊರಿನ ಮುಖಂಡರೆಲ್ಲ ಕೂತರು, ಎರಡು ಪಂಕ್ತಿ. ಅರ್ಜಿ ಬರೆದವಳು ನಾನಾದ್ದರಿಂದ ನನ್ನನ್ನು ಯಾರೂ ಕರೆಯಲಿಲ್ಲ. ನಾನು ನೇರ ಕಟ್ಟೆಯ ಹತ್ತಿರ ಹೋಗಿ ಬೇವಿನ ನೆರಳಲ್ಲಿ ನಿಂತೆ. ಆ ಹೆಂಗಸೂ, ಮುದುಕನೂ, ಕೇರಿಯ ಹತ್ತಿಪ್ಪತ್ತು ಜನರೂ ನಿಂತಿದ್ದರು.

ಸಾಹೇಬರು ತೇಗುತ್ತಾ ಬಂದರು. ಕರವಸ್ತ್ರ ಮೂಗಿಗಿಟ್ಟುಕೊಂಡರು. ಭಾವನವರು ತಿಂಗಳ ಹಿಂದೆಯೇ ಸುರಿಯುವುದನ್ನು ನಿಲ್ಲಿಸಿದ್ದೇವೆ, ಇದೆಲ್ಲ ಹಳೆಯ ಕಸ ಸಾ, ಈ ಹೆಣ್ಣುಮಗಳಿಗೆ ತಿಳುವಳಿಕೆ ಕಮ್ಮಿ ಎಂದು ವಿವರಿಸುತ್ತಿದ್ದರು. ಅಷ್ಟರಲ್ಲಿ ಪಂಚಾಯಿತಿ ಗಾಡಿ ಇಳಿಜಾರಿನಲ್ಲಿ ಗಡಗಡ ಇಳಿದು ಬಂತು. ಅಂದು ಸುರಿಯಬೇಡ ಎಂದು ಗಾಡಿಯವನಿಗೆ ಹೇಳಲು ಪಾಯಸದ ಗಲಾಟೆಯಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಎಲ್ಲರ ಕಣ್ಣೆದುರೇ ಅವನು ನೊಗ ಬಿಚ್ಚಿ, ಗಾಡಿಯ ಮೂಕಿ ಎತ್ತಿದ. ಸಾಹೇಬರು ಈಗ ತಾನೆ ಉಂಡ ಎಲೆ, ಒಬ್ಬಟ್ಟಿನ ಚೂರು ಅಂಟಿಕೊಂಡ ಹಾಗೆಯೇ, ಜರ್ರನೆ ಕಟ್ಟೆಗೆ ಜಾರಿತು.

ನನಗೆ ಈಗ ಆಯಿತು, ಈಗ ನ್ಯಾಯ ಸಿಕ್ಕಿತು ಎಂದೇ ಅನ್ನಿಸಿತು. ಎಂಥ ದಡ್ಡಿ ನಾನು!

ಸಾಹೇಬರು ಕರವಸ್ತ್ರ ತೆಗೆದು, "ನೋಡೀಮ್ಮಾ, ಇದನ್ನ ಗಮನಕ್ಕೆ ತಗೊಂಡಿದ್ದೀನಿ" ಎಂದರು. ಜೀಪು ಹತ್ತಿದರು. ಹಿಂದಿನ ಸೀಟಿಗೆ ಒಂದು ಗೊನೆ ಬಾಳೆಹಣ್ಣು ಹತ್ತಿತು. ಮತ್ತೆ ಆ ಜೀಪು ಬರಲಿಲ್ಲ. ಅವರು ಗಮನಕ್ಕೆ ತೆಗೆದುಕೊಂಡದ್ದು ಇಂದಿಗೂ ಅವರ ಗಮನದಲ್ಲೇ ಇರಬೇಕು.

ಆ ಬೇಸಿಗೆಯಲ್ಲಿ ಹಳ್ಳದ ವರ್ತೆ ಬತ್ತಿತು. ಕೇರಿಯವರು ಬೇರೆ ದಾರಿಯಿಲ್ಲದೆ ಕಟ್ಟೆಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಕುಡಿದರು. ಏಳೆಂಟು ಮನೆಯಲ್ಲಿ ವಾಂತಿಭೇದಿ ಹಿಡಿಯಿತು. ಮೊದಲು ಬಿದ್ದವನು ಮುದುಕ. ಆಸ್ಪತ್ರೆ ಇದ್ದದ್ದು ಚನ್ನರಾಯಪಟ್ಟಣದಲ್ಲಿ. ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ, ಯಾತ್ರಿಕರಿದ್ದಾರೆ ಎಂದ. ಮಗ ಪಂಚಾಯಿತಿ ಗಾಡಿಯನ್ನೇ ಕಟ್ಟಿದ. ಎಲೆ ಹೇರುವ ಗಾಡಿಯಲ್ಲಿ, ಹುಲ್ಲು ಹಾಸಿ, ಅಪ್ಪನನ್ನು ಮಲಗಿಸಿಕೊಂಡು ಹೊರಟ. ನಾನು ಬೀದಿಗೆ ಬಂದು ಒಂದು ಕಂಬಳಿ ಕೊಟ್ಟೆ. ಆ ಹೆಂಗಸು ತೆಗೆದುಕೊಂಡಳು, ನನ್ನ ಕಡೆ ನೋಡಲಿಲ್ಲ.

ಮುದುಕ ಬದುಕಿದ. ಹತ್ತು ದಿನ ಆಸ್ಪತ್ರೆಯ ವರಾಂಡದಲ್ಲಿ ಮಲಗಿದ್ದು ಬಂದ. ಅಪ್ಪನನ್ನು ಮನೆಗೆ ತಂದು ಇಳಿಸಿದ ಮಗ ಗಾಡಿಯನ್ನು ಪಂಚಾಯಿತಿ ಆಫೀಸಿನ ಮುಂದೆ ನಿಲ್ಲಿಸಿ, ಎತ್ತುಗಳನ್ನು ಗೂಟಕ್ಕೆ ಕಟ್ಟಿ, ಬಾರುಕೋಲನ್ನು ಸೆಕ್ರೆಟರಿಯ ಮೇಜಿನ ಮೇಲಿಟ್ಟ.

"ಏನ್ಲಾ ಇದು?" ಎಂದರು ಭಾವ.

"ಇನ್ ನಂಗಾಗಾಕಿಲ್ಲ ಸಾ."

"ಕೆಲ್ಸ ಓಗ್ತದೆ."

"ಓಗ್ಲಿ."

ಅವನು ಬಿಟ್ಟ ಮೇಲೆ ಬೀದಿ ಗುಡಿಸುವ ಹೆಂಗಸರೂ ಪೊರಕೆ ಕೆಳಗಿಟ್ಟರು. ಎಲ್ಲರೂ ಅದೇ ಕೇರಿಯವರು. ಭಾಷಣವಿಲ್ಲ, ಬಾವುಟವಿಲ್ಲ, ಸುಮ್ಮನೆ ಮನೆಯಲ್ಲಿ ಕೂತರು.

ಮೊದಲ ದಿನ ಊರು ನಕ್ಕಿತು. ಎರಡನೆಯ ದಿನ ಛತ್ರದ ಹಿಂದೆ ಎಲೆಯ ಗುಡ್ಡೆ ಗೋಡೆಯ ಎತ್ತರಕ್ಕೆ ಬಂತು. ಮೂರನೆಯ ದಿನ ಹೋಟೆಲಿನ ಮೆಂಬರು ಮೂಗಿಗೆ ಪಂಚೆ ಕಟ್ಟಿಕೊಂಡು ಗಲ್ಲಾದಲ್ಲಿ ಕೂತಿದ್ದರು. ಊರಿನಲ್ಲಿ ಇಷ್ಟು ಜನ ಗಂಡಸರಿದ್ದರು, ಬಸ್ಕಿ ಹೊಡೆಯುವ ಹುಡುಗರ ಗರಡಿಯೇ ಒಂದಿತ್ತು. ಒಬ್ಬನೂ ತಾನು ಉಂಡ ಎಲೆಯನ್ನು ತಾನೇ ಎತ್ತಿ ಊರಾಚೆ ಹಾಕಲಿಲ್ಲ. ಜಾತಿ ಕೆಡುತ್ತದಂತೆ. ನೊಣ ಅನ್ನದ ಮೇಲೆ ಕೂತರೆ ಕೆಡದ ಜಾತಿ ಎಲೆ ಮುಟ್ಟಿದರೆ ಕೆಡುತ್ತಿತ್ತು. ಐದನೆಯ ದಿನ ಬೆಂಗಳೂರಿನ ಒಂದು ಬಸ್ಸು ಬಂದು, ಬಾಗಿಲು ತೆರೆದು, ಇಳಿದ ಇಬ್ಬರನ್ನು ಹಾಗೆಯೇ ಮತ್ತೆ ಹತ್ತಿಸಿಕೊಂಡು ಬೆಳಗೊಳದ ದಾರಿ ಹಿಡಿಯಿತು. ಆಗ ಊರಿಗೆ ನಿಜವಾದ ನೋವಾಯಿತು.

ಅವತ್ತು ಸಂಜೆ ಭಾವನವರು ನಮ್ಮ ಜಗಲಿಗೆ ಬಂದರು. ಈ ಸಲ ಗಂಡನ ಜೊತೆಗಲ್ಲ, ನೇರವಾಗಿ ನನ್ನ ಜೊತೆ ಮಾತಾಡಿದರು.

"ನಿನ್ ಮಾತು ಕೇಳ್ತಾರೆ ಅವರು. ಒಸಿ ಏಳವ್ವಾ."

"ನನ್ನ ಮಾತು ಯಾಕೆ ಕೇಳ್ತಾರೆ ಭಾವ? ರುಜು ಹಾಕಿದೋಳು ನಾನು" ಎಂದೆ. "ನೀವೇ ಬನ್ನಿ, ಅವರನ್ನೇ ಕೇಳಿ."

ಮರುದಿನ ಬೆಳಿಗ್ಗೆ ಪಂಚಾಯಿತಿ ಆಫೀಸಿನ ಮುಂದೆ ಮಾತಾಯಿತು. ಗಂಡಸರು ಮಾತಾಡುವ ಮೊದಲೇ ನಮ್ಮ ಹೊಲಕ್ಕೆ ಬರುತ್ತಿದ್ದ ಆ ಹೆಂಗಸು ಮುಂದೆ ಬಂದು ನಿಂತಳು.

"ಕೇರೀಲಿ ಒಂದ್ ಬಾವಿ ತೋಡ್ಸಿ ಕೊಡಿ. ಕಟ್ಟೇನ ಬಳಿಸಿ ಕೊಡಿ. ನಿಮ್ ಎಲೆ ನೀವು ಎಲ್ಲಾರ ಆಕ್ಕಳಿ, ನಮ್ ನೀರ್ಗೆ ಬ್ಯಾಡ. ಇಷ್ಟೇಯ."

ಮೂರಕ್ಕೂ ಭಾವನವರು ಹೂಂ ಎಂದರು, ಮೂಗು ಅಷ್ಟು ಬಳಲಿತ್ತು. ಆದರೆ ಎಲೆ ಹಾಕುವುದೆಲ್ಲಿ ಎಂಬಲ್ಲಿ ನಿಂತಿತು. ಹಳೆಯ ತಿಪ್ಪೆಗುಂಡಿ ದೂರ. ಗೋಮಾಳ ಯಾರೋ ಒತ್ತಿಕೊಂಡಿದ್ದರು, ಯಾರು ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದ ಯಾರೂ ಭಾವನವರ ಮುಖ ನೋಡಲಿಲ್ಲ. ಒಬ್ಬೊಬ್ಬರೂ ಮತ್ತೊಬ್ಬರ ಹೊಲ ತೋರಿಸಿದರು. ಊರಿಗೆ ಹತ್ತಿರ, ನೀರಿಗೆ ದೂರ, ಇಳಿಜಾರಿಲ್ಲದ ಜಾಗ ಒಂದಿತ್ತು. ನಮ್ಮ ಬೀಳು ಹೊಲ. ಅದು ಎಲ್ಲರಿಗಿಂತ ಮೊದಲು ನನಗೇ ಹೊಳೆದದ್ದು; ಬಾಯಿ ಬಿಡಲು ಮಾತ್ರ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ನನಗೂ ಭಾವನವರಿಗೂ ಏನೂ ವ್ಯತ್ಯಾಸವಿರಲಿಲ್ಲ.

"ನಮ್ಮ ಬೀಳಿನಲ್ಲಿ ಗುಂಡಿ ತೆಗೆಸಿ" ಎಂದೆ.

ಮನೆಯಲ್ಲಿ ರಂಪವಾಯಿತು. "ಊರೋರ ಎಂಜ್ಲೆಲ್ಲ ನಮ್ಮೊಲಕ್ಕಾ? ತಲೆಗಿಲೆ ಕೆಟ್ಟೈತೇನೇ ನಿಂಗೆ?" ಎಂದು ಗಂಡ ಕೂಗಿದರು.

"ಅವರ ಕುಡಿಯೋ ನೀರಿಗೆ ಹಾಕ್ದಾಗ ನಿಮಗೆ ಈ ಸಿಟ್ಟು ಬರ್ಲಿಲ್ಲವಲ್ಲ" ಎಂದೆ.

ಅವರು ತಟ್ಟೆ ಬಿಟ್ಟು ಎದ್ದು ಹೋದರು. ಅತ್ತೆ ಮೂರು ದಿನ ನನ್ನ ಕೈಯ ಊಟ ಮುಟ್ಟಲಿಲ್ಲ. ಎಂಜಲು ಬಿದ್ದ ಹೊಲದಲ್ಲಿ ಮುಂದೆ ಬೆಳೆದದ್ದನ್ನು ಉಣ್ಣಬಹುದೇ ಎಂದು ಪುರೋಹಿತರನ್ನು ಕೇಳಿಸಿದರು. ಪುರೋಹಿತರು ಯೋಚಿಸಿ, ಗೊಬ್ಬರವಾದ ಮೇಲೆ ದೋಷವಿಲ್ಲ ಎಂದರು. ಗೊಬ್ಬರವಾದ ಮೇಲೆ ತಮ್ಮ ತೆಂಗಿನ ಸಸಿಗಳಿಗೆ ಒಂದು ಗಾಡಿ ಬೇಕು ಎಂದೂ ಸೇರಿಸಿದರು. ಗಂಡ ಒಂದು ವಾರ ಮಾತು ಬಿಟ್ಟರು, ಆಮೇಲೆ ತಾವೇ ಹೋಗಿ ನಿಂತು ಗುಂಡಿ ತೆಗೆಸಿದರು. ಬೇಡ ಎಂದದ್ದನ್ನು ಅಚ್ಚುಕಟ್ಟಾಗಿ ಮಾಡುವುದು ಅವರ ಗುಣ.

ಗುಂಡಿ ಸಿದ್ಧವಾದ ದಿನ ಬೀದಿ ಗುಡಿಸುವವರು ಬಂದರು. ಮುದುಕನ ಮಗ ಗಾಡಿ ಕಟ್ಟಿದ.

ಕಟ್ಟೆಯ ಹೂಳು ಬಳಿಯುವುದಕ್ಕೆ ಊರಿನಿಂದ ಆಳು ಕೊಡುತ್ತೇವೆ ಎಂದಿದ್ದರು. ಒಬ್ಬರೂ ಬರಲಿಲ್ಲ. ಕೇರಿಯವರೇ ಇಳಿದರು. ನಾನೂ ಒಂದು ಮಂಕರಿ ತೆಗೆದುಕೊಂಡು ಹೋದೆ. ಎರಡು ಗಂಟೆ ಹೊತ್ತೆ, ಸೊಂಟ ಹಿಡಿಯಿತು, ಮನೆಗೆ ಬಂದು ಮಲಗಿದೆ. ಅವರು ಒಂಬತ್ತು ದಿನ ಹೊತ್ತರು. ಊರಿನಲ್ಲಿ ಮಾತಾದದ್ದು ಮಾತ್ರ ನನ್ನ ಎರಡು ಗಂಟೆ. ಕೆಲವರು ಹೊಗಳಿದರು, ಕೆಲವರು ಉಗಿದರು, ಒಂಬತ್ತು ದಿನದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮುದುಕ ಎದ್ದು ನಿಲ್ಲಲಾರದೆ ಪಾವಟಿಗೆಯ ಮೇಲೆ ಕೂತು ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಎಂದು ಹೇಳುತ್ತಿದ್ದ. ಮಗ ಕೆಳಗೆ ಕೆಸರಿನಲ್ಲಿ ನಿಂತು, "ಇಲ್ಲಿಗಂಟ ಸಾಕಾ ಅಪ್ಪಾ?" ಎಂದು ಕೇಳಿದ. "ಇನ್ನೊಸಿ" ಎಂದ ಮುದುಕ. ಅಪ್ಪ ಮಗ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನಮ್ಮ ಬೀಳಿನ ಗುಂಡಿಯಲ್ಲಿ ಎಲೆ ಒಂದು ಪದರ, ಮಣ್ಣು ಒಂದು ಪದರ ಹಾಕಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕಪ್ಪು ಚಿನ್ನದಂಥ ಗೊಬ್ಬರವಾಯಿತು. ಎಂಜಲೆಂದು ಮೂಗು ಮುಚ್ಚಿದವರೆಲ್ಲ ಗಾಡಿ ಕಟ್ಟಿಕೊಂಡು ಬಂದು ಸಾಲು ನಿಂತರು. ಗೊಬ್ಬರ ಊರಿನದು, ಒಬ್ಬರ ಹೊಲದಲ್ಲಿ ಇರುವುದು ಅನ್ಯಾಯ ಎಂದು ಭಾವನವರು ಮೀಟಿಂಗಿನಲ್ಲಿ ಭಾಷಣ ಮಾಡಿದರು. ಅದನ್ನು ಹರಾಜು ಹಾಕುವುದೆಂದು ಠರಾವಾಯಿತು. ಹರಾಜು ಕೂಗಿ ಹಿಡಿದವರೂ ಅವರೇ. ನಾನು ಆ ಠರಾವನ್ನು ಎರಡು ಸಲ ಓದಿ, ರುಜು ಹಾಕದೆ ಪುಸ್ತಕ ಹಿಂದಕ್ಕೆ ತಳ್ಳಿದೆ. ನನ್ನ ರುಜು ಇಲ್ಲದೆಯೂ ಅದು ಪಾಸಾಯಿತು. ಮುಂದಿನ ಸಲ ಆ ಕುರ್ಚಿಗೆ ಬೇರೊಬ್ಬ ಹೆಣ್ಣುಮಗಳನ್ನು ಕರೆದರು.

ಕೇರಿಯ ಬಾವಿ ಆದದ್ದು ಕಟ್ಟೆ ಬಳಿದ ಮಾರನೆಯ ವರ್ಷ. ಅದರ ಪ್ರಾರಂಭಕ್ಕೆ ತಾಲ್ಲೂಕಿನಿಂದ ಜನ ಬಂದರು. ಭಾವನವರು ಬಿಸಿಲಿನಲ್ಲಿ ಒಂದು ಗಂಟೆ ಮಾತಾಡಿದರು: ಕೇರಿಯ ಸೋದರರಿಗೆ ನೀರು ಕೊಡುವುದು ತಮ್ಮ ಬಾಲ್ಯದ ಕನಸಾಗಿತ್ತಂತೆ. ನಾನು ಜನರ ಹಿಂದೆ ನಿಂತು ಕೇಳಿದೆ. ಮೊದಲ ಬಿಂದಿಗೆ ಸೇದಿ ಮುದುಕನ ಕೈಗೆ ಒಂದು ಲೋಟ ಕೊಟ್ಟರು. ಅವನು ಕುಡಿದು, ಬಾಯಿ ಚಪ್ಪರಿಸಿ, ಲೋಟ ಹಿಂದಕ್ಕೆ ಕೊಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ವಾರದ ಮೇಲೆ ಆ ಹೆಂಗಸು ಹೊಲಕ್ಕೆ ಬಂದವಳು ಹೇಳಿದಳು: "ನೀರು ಸವಳು ಕಣ್ರವ್ವಾ. ಕುಡೀಬೌದು, ಕುಡೀತೀವಿ. ಬ್ಯಾಳೆ ಬೇಯಾಕಿಲ್ಲ."

ಬಳಿದ ಕಟ್ಟೆಯಲ್ಲಿ ನೀರು ತುಂಬಿತ್ತು, ಆದರೆ ಹಿಂದಿನ ಸಿಹಿ ಬರಲಿಲ್ಲ. ಅದರಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದರು, ಅಷ್ಟೆ. ನಮ್ಮ ತೋಟದ ಬಾವಿ ಸಿಹಿನೀರಿನದು. ಮನೆಯಲ್ಲಿ ಮತ್ತೊಂದು ರಂಪ, ಅತ್ತೆಯ ಮತ್ತೆ ಮೂರು ದಿನದ ಉಪವಾಸ ಎಲ್ಲ ಕಣ್ಣ ಮುಂದೆ ಬಂತು. ಅವಳು ತೋಟದ ಕಡೆ ನೋಡುತ್ತಿದ್ದಳು.

"ನಾಳೆಯಿಂದ ಬಿಂದಿಗೆ ತಗೊಂಡು ಬಾ" ಎಂದೆ.

"ನಾನೊಬ್ಳೇನಾ?" ಎಂದಳು ಅವಳು.

ಮಾರನೆಯ ಬೆಳಿಗ್ಗೆ ಹದಿನಾಲ್ಕು ಬಿಂದಿಗೆ ಬಂದವು.